ಮೂವತ್ತೇಳನೇ ಜಾಗದ ಖಾತೂನಬಿ

ಗದಗ ಹೊಸ ಜಿಲ್ಲೆಯಾಗಿ ಹತ್ತು ವರ್ಷವಾಗಿತ್ತು. ನಾನಾಗ ಗದಗಿನ ಒಂದು ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿ ಪ್ರೋಗ್ರಾಮರ್. ಲಕ್ಷ್ಮೇಶ್ವರದಾಚೆಯ ಒಂದು ಊರಿನ ಸಂತೆಗೆ ಹೊಸ ಶೆಡ್ ಆಗಿತ್ತು. ಊರಿನ ಹೆಸರು ಹೇಳುವುದಿಲ್ಲ, ಅಲ್ಲಿಯವರು ಇನ್ನೂ ನನ್ನನ್ನು ಮಾತಾಡಿಸುತ್ತಾರೆ. ಹಳೆಯ ರಿಜಿಸ್ಟರಿನಲ್ಲಿ 214 ಜಾಗಗಳಿದ್ದವು. ಹೊಸ ಮೋಜಣಿಯ ಪಟ್ಟಿಯಲ್ಲಿ ಯಾರಾದರೂ ಬಿಟ್ಟುಹೋಗಿದ್ದಾರೆಯೇ ಎಂದು ನೋಡಿ ಸಹಿ ಹಾಕುವುದು ನನ್ನ ಕೆಲಸ. ಸೋಮವಾರ ಶೆಡ್ಡಿನ ಹಂಚಿಕೆ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಜಾಗವಿಲ್ಲ.

ಪಿಎಚ್‌ಪಿ ಭಾಷೆಯಲ್ಲಿ ಅಸೋಸಿಯೇಟಿವ್ ಅರೇ ಎಂಬುದೊಂದಿದೆ. ಪ್ರತಿಯೊಂದು ನಮೂದಿಗೂ ಒಂದು ಕೀ, ಆ ಕೀಗೆ ಸೇರಿದ ಒಂದು ವ್ಯಾಲ್ಯೂ. ನನ್ನ ಲೆಕ್ಕದಲ್ಲಿ ಜಾಗದ ನಂಬರ್ ಕೀ, ಕೂರುವವರ ಹೆಸರು ವ್ಯಾಲ್ಯೂ. array_diff_key ಎಂಬ ಫಂಕ್ಷನ್‌ಗೆ ಎರಡು ಅರೇ ಕೊಟ್ಟರೆ, ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲದ ಕೀಗಳ ನಮೂದುಗಳನ್ನು ತೆಗೆದುಕೊಡುತ್ತದೆ. ಕೊಟ್ಟೆ. ಉತ್ತರ ಖಾಲಿ ಬಂತು. ‘ಯಾರೂ ಬಿಟ್ಟುಹೋಗಿಲ್ಲ’ ಎಂದು ಬರೆದು ಸಹಿ ಹಾಕಿ, ಗುರುವಾರ ಸಂತೆಯಲ್ಲೇ ಪಟ್ಟಿ ಅಂಟಿಸಿ ಪಕ್ಕದಲ್ಲಿ ಮೇಜು ಹಾಕಿಕೊಂಡು ಕುಳಿತೆ.

ಮಧ್ಯಾಹ್ನ ಬಳೆ ಮಾರುವ ಖಾತೂನಬಿ ಬಂದರು. ಜೊತೆಗೆ ಕಾಯಿಪಲ್ಲೆಯ ನೀಲವ್ವ.

“ಸಾಹೇಬ್ರ, ಪಟ್ಟ್ಯಾಗ ನನ್ನ ಹೆಸರ ಇಲ್ಲರಿ. ಮೂವತ್ತೇಳನೇ ಜಾಗಾ ನಮ್ಮತ್ತಿ ಕಾಲದಿಂದ ನಮ್ಮದೈತಿ.”

“ಮೂವತ್ತೇಳು ಐತಲ್ಲವಾ. ಕಂಪ್ಯೂಟರ್ ನೋಡೇತಿ.”

“ನಂಬರ್ ಇರ್ಲಿರಿ. ನಾ ಎಲ್ಲದೀನಿ, ಅದನ್ನ ಹೇಳ್ರಿ.”

ನನಗೆ ಸಿಟ್ಟು ಬಂತು. ಹೊಸ ಶೆಡ್ ಕಂಡ ಕೂಡಲೇ ಇಲ್ಲದ ಹಕ್ಕು ಹೇಳಿಕೊಂಡು ಬರುವವರನ್ನು ಮುಂಡರಗಿಯಲ್ಲಿ, ಶಿರಹಟ್ಟಿಯಲ್ಲಿ ಸಾಕಷ್ಟು ಕಂಡಿದ್ದೆ. ಈಕೆಯೂ ಅದೇ ಪೈಕಿ ಎಂದುಕೊಂಡೇ ಹೊಸ ಪಟ್ಟಿ ತೆರೆದೆ. ಮೂವತ್ತೇಳರ ಮುಂದೆ ನೀಲವ್ವನ ಹೆಸರಿತ್ತು. ಹಳೆಯ ರಿಜಿಸ್ಟರಿನಲ್ಲಿ ಖಾತೂನಬಿ.

ಅಬ್ಬಾ, ಜಾಗ ನುಂಗಿದವಳೇ ಜೊತೆಗೆ ಬಂದು ನಿಂತಿದ್ದಾಳಲ್ಲ! ಮೇಜಿನ ಪಕ್ಕದಲ್ಲೇ ಕುಳಿತಿದ್ದ, ಮೋಜಣಿ ಮಾಡಿದ ಗುಮಾಸ್ತನ ಮುಖ ನೋಡಿದೆ. ಅವನು ಬೇರೆಲ್ಲೋ ನೋಡಿದ. ಅವನೂ ನೀಲವ್ವನೂ ಕೂಡಿಯೇ ಮಾಡಿದ್ದಾರೆ ಎಂದು ನನ್ನ ಮನಸ್ಸು ಆಗಲೇ ತೀರ್ಪು ಬರೆದುಬಿಟ್ಟಿತ್ತು.

“ಗೆಳತಿ ಜಾಗಾ ಹೊಡಕೊಂಡು ಆಕಿ ಜೋಡಿನ ಬಂದೀಯಲ್ಲವಾ, ನಾಚಿಕಿ ಆಗೂದಿಲ್ಲ?” ಎಂದು ನಾಲ್ಕು ಜನರೆದುರು ಅಂದುಬಿಟ್ಟೆ.

ನೀಲವ್ವನ ಕಣ್ಣು ತುಂಬಿತು, ದನಿ ಮಾತ್ರ ಏರಿತು. “ಅಯ್ಯ ಶಿವನ! ನಾ ಯಾಕ ಹೊಡಕೊಳ್ಳಲಿ? ಆಕಿ ಗಂಡ ತೀರಿಕೊಂಡು ಇದ್ದತ್ ಕುಂತಿದ್ಳು. ಜಾಗಾ ಖಾಲಿ ಬಿಟ್ರ ಮತ್ಯಾರರ ಬಂದು ಕುಂಡ್ರತಾರ ಅಂತ ನಾ ಕಾಯ್ದೆ. ನನ್ನ ಜಾಗಾದಾಗ ಸೊಸಿನ್ನ ಕುಂಡರಿಸಿದ್ದೆ. ಹೆಸರ ಬರಕೊಳ್ಳಾಕ ಬಂದಾಗ ‘ಇದು ಖಾತೂನಬೀದು’ ಅಂತ ಇವಗ ಹೇಳೇನಿ, ಕೇಳ್ರಿ!”

ಇದ್ದತ್ ಎಂದರೆ ವಿಧವೆಯಾದ ಮುಸ್ಲಿಂ ಹೆಣ್ಣುಮಗಳು ಮನೆಯಲ್ಲೇ ಇರುವ ನಾಲ್ಕು ತಿಂಗಳು ಹತ್ತು ದಿನ. ಆ ಸಂತೆಯಲ್ಲಿ ಅದಕ್ಕೊಂದು ರೂಢಿ ಇತ್ತು. ಇದ್ದತ್ ಇರಲಿ, ಬಾಣಂತನವಿರಲಿ, ಜಡ್ಡಿರಲಿ, ಬಾರದವರ ಜಾಗದಲ್ಲಿ ಪಕ್ಕದವರು ಕುಳಿತು ಕಾಯಬೇಕು. ಬಂದಾಗ ಎದ್ದು ಬಿಡಬೇಕು. ಗುಮಾಸ್ತ ತಲೆ ಕೆರೆದುಕೊಂಡ. “ಕುಂತವ್ರ ಹೆಸರ ಬರಕೊಂಡು ಬಾ ಅಂದಿದ್ರರಿ. ಬರಕೊಂಡು ಬಂದೆ.”

ಸಂಶಯಪಡಲು ಇನ್ನು ಉಳಿದವನು ನಾನೊಬ್ಬನೇ. ಕೀಯ ಜೊತೆ ವ್ಯಾಲ್ಯೂವನ್ನೂ ಹೋಲಿಸುವ array_diff_assoc ನನಗೆ ಗೊತ್ತಿತ್ತು. ಆದರೆ ಒಬ್ಬರ ಹೆಸರನ್ನೇ ಒಬ್ಬೊಬ್ಬ ಗುಮಾಸ್ತ ಒಂದೊಂದು ರೀತಿ ಬರೆಯುತ್ತಾನೆ. ಸುಳ್ಳು ವ್ಯತ್ಯಾಸಗಳು ರಾಶಿ ಬೀಳುತ್ತವೆ, ಯಾರು ಓದಬೇಕು ಎಂದು ಬಿಟ್ಟಿದ್ದೆ. ಸೋಮಾರಿತನ, ಬೇರೇನಲ್ಲ. ಮರುದಿನ ಗದಗಿನಲ್ಲಿ ಅದನ್ನು ಓಡಿಸಿದೆ. 61 ಸಾಲು ಬಂದವು. ಶನಿವಾರ ಆ ಹಾಳೆ ಹಿಡಿದು ಮತ್ತೆ ಅದೇ ಊರಿಗೆ ಹೋದೆ. ನೀಲವ್ವನ ಕ್ಷಮೆ ಕೇಳಿ, ಅವರ ಕಟ್ಟೆಯ ಮೇಲೆ ಕುಳಿತು ಒಂದೊಂದೇ ಸಾಲು ಓದಿದೆ. ನೀಲವ್ವ, ಖಾತೂನಬಿ ಇಬ್ಬರೂ ಹೇಳುತ್ತ ಹೋದರು: “ಇದು ಆಕೀನ ರೀ, ಹೆಸರ ಬರದದ್ದ ಬ್ಯಾರೆ ಆಗೇತಿ.” “ಇದು ಅಲ್ಲರಿ, ಈಕಿ ಹಡಿಯಾಕ ತವರಿಗೆ ಹೋಗ್ಯಾಳ.”

ಹಾಗೆ ಐವತ್ತು ಸಾಲು ಹೊಡೆದುಹಾಕಿದ ಮೇಲೆ ಹನ್ನೊಂದು ಉಳಿದವು. ಹನ್ನೊಂದು ಜಾಗದಲ್ಲಿ ಕಾಯುವವರೇ ಒಡೆಯರಾಗಿದ್ದರು.

ಭಾನುವಾರವೆಲ್ಲ ತಿದ್ದಿ ನನ್ನ ಹಳೆಯ ಸಹಿಯ ಹಾಳೆ ಹಿಂಪಡೆದೆ. ಮೇಲಿನವರಿಂದ ಬೈಸಿಕೊಂಡೆ. ಸೋಮವಾರ ಮೂವತ್ತೇಳು ಖಾತೂನಬಿಗೇ ಸಿಕ್ಕಿತು. ಉಳಿದ ಹತ್ತೂ ಅವರವರಿಗೆ.

ಆದರೆ ಆ ಹತ್ತರಲ್ಲಿ ತಕರಾರು ಮಾಡಿದವರು ಒಬ್ಬರೂ ಇರಲಿಲ್ಲ. ಅಕ್ಷರ ಬಾರದ ಕೆಲವರು, ಮನೆಯಲ್ಲಿ ಮಲಗಿದ್ದವರ ಮಕ್ಕಳು, ಗುರುವಾರ ನನ್ನ ಮೇಜಿಗೇ ಬಂದು “ನಮ್ಮ ನಂಬರ್ ಐತೇನ್ರಿ?” ಎಂದು ಕೇಳಿದ್ದರಂತೆ. ನಾನು ತಲೆಯೆತ್ತದೆ “ಐತಿ, ಹೋಗ್ರಿ” ಎಂದಿದ್ದೆ. ಅವರು ನನ್ನ ಮಾತು ನಂಬಿ ಖುಷಿಯಿಂದ ಮನೆಗೆ ಹೋಗಿದ್ದರು.

ಆಮೇಲೆ ನಿವೃತ್ತಿಯಾಗುವವರೆಗೂ ಉತ್ತರ ಖಾಲಿ ಬಂದಾಗಲೆಲ್ಲ, ನಾನು ಯಂತ್ರಕ್ಕೆ ಕೇಳಿದ್ದಾದರೂ ಏನು ಎಂದು ಮೊದಲು ನೋಡಿಕೊಳ್ಳುತ್ತಿದ್ದೆ. ಆ ಗುರುವಾರ ನಾನು ಕೇಳಿದ್ದು ನಂಬರುಗಳನ್ನು. ಮನುಷ್ಯರನ್ನು ಕೇಳಿರಲೇ ಇಲ್ಲ.