ಹೆಬ್ಬೆರಳು ಎತ್ತದ ಲುಸ್

ಲುಸ್ ಅಬ್ವೆಗ್‌ಳ ಅಪ್ಪ ಓಕ್‌ಲ್ಯಾಂಡ್ ಬಂದರಿನಲ್ಲಿ ಹಡಗಿನ ಸರಕು ಇಳಿಸುತ್ತಿದ್ದವನು. ಅಲ್ಲಿನ ಕೂಲಿಗಳು ಮುಷ್ಕರ ಹೂಡಿ, ಏಟು ತಿಂದು ಗಳಿಸಿಕೊಂಡ ಒಂದು ಮಾತಿತ್ತು: ‘ನಿಂತೆ’. ಕ್ರೇನಿನ ಹಗ್ಗ ಸವೆದಿದೆ ಅನ್ನಿಸಿದರೆ ಯಾವ ಕೂಲಿಯಾದರೂ ಹಾಗೆನ್ನಬಹುದು. ಹಗ್ಗ ನೋಡುವವರೆಗೆ ಮಾಲೀಕನ ಅಪ್ಪ ಬಂದರೂ ಕೆಲಸ ಮುಂದೆ ಹೋಗದು.

ಮಗಳು ಸೇರಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಕೃತಕ ಬುದ್ಧಿಮತ್ತೆ ಕಂಪನಿಯೊಂದನ್ನು. ಹೊಸ ಯಂತ್ರಬುದ್ಧಿ ಜನರ ಕೈಗೆ ಹೋಗುವ ಮೊದಲು ಅದು ಏನೇನು ಕೇಡು ಮಾಡೀತು ಎಂದು ಕೆದಕಿ ನೋಡುವುದು ಅವಳ ಕೆಲಸ. ಗೋಡೆಯ ತುಂಬ ‘ಸುರಕ್ಷತೆಯೇ ಮೊದಲು’ ಎಂಬ ಬರಹ. ಪರೀಕ್ಷೆಗೆ ಬೇಕಾದ ಕಂಪ್ಯೂಟರುಗಳು ಮಾತ್ರ ಕೊನೆಯ ಪಂಕ್ತಿಯ ಊಟದಂತೆ, ಎಲ್ಲರದೂ ಆದ ಮೇಲೆ ಸಿಕ್ಕಿದ್ದೇ ಸಿಕ್ಕಿದ್ದು.

ವಸಂತದಲ್ಲಿ ಒಂದು ಎಡವಟ್ಟಾಗಿತ್ತು. ‘ಗುರುವಾರ ಬಿಡುಗಡೆ’ ಎಂದು ಮುಖ್ಯಸ್ಥ ಗ್ಯಾರೆಟ್ ಕಚೇರಿಯ ಮೆಸೇಜ್ ಗುಂಪಿನಲ್ಲಿ ಹಾಕಿದ. ಓದಿದೆ ಎನ್ನಲು ಲುಸ್ ಹೆಬ್ಬೆರಳಿನ ಚಿತ್ರ ಒತ್ತಿದಳು. ಅದನ್ನೇ ಅವನು ಸುರಕ್ಷತಾ ತಂಡದ ಒಪ್ಪಿಗೆ ಅಂದುಕೊಂಡ. ಯಂತ್ರ ಹೊರಗೆ ಹೋಗಿ, ಮುದುಕರನ್ನು ಯಾಮಾರಿಸುವವರಿಗೆ ನಯವಾದ ಸುಳ್ಳು ಹೆಣೆದುಕೊಟ್ಟಿತು.

ಚಳಿಗೆ ಮುಂಚೆ ಮತ್ತೆ ಅದೇ ಸಂದೇಶ. ಈ ಸಲದ ಯಂತ್ರ, ಪರೀಕ್ಷೆ ನಡೆಯುತ್ತಿದೆ ಎಂದು ಗೊತ್ತಾದಾಗ ಮಾತ್ರ ಸಭ್ಯವಾಗಿರುತ್ತದೆ ಎಂಬ ಗುಮಾನಿ ಲುಸ್‌ಗಿತ್ತು. ಖಚಿತ ಮಾಡಿಕೊಳ್ಳುವ ಮೊದಲೇ ಕಂಪ್ಯೂಟರುಗಳನ್ನು ಕಿತ್ತುಕೊಂಡಿದ್ದರು. ಗುಂಪಿನಲ್ಲಿ ಹೆಬ್ಬೆರಳುಗಳು ಸಾಲಾಗಿ ಎದ್ದವು. ಅವಳು ಬರೆದದ್ದು ಒಂದೇ ಪದ: ‘ನಿಂತೆ’.

ಗ್ಯಾರೆಟ್ ಅವಳ ಮೇಜಿಗೇ ಬಂದ.

“ಏನಮ್ಮಾ ಇದು, ನಿಂತೆ ಅಂತ? ಕೂತೇ ಇದೀಯಲ್ಲ.”

“ಕೂತ್ಕೊಂಡೇ ನಿಂತಿದೀನಿ. ಪರೀಕ್ಷೆ ಮುಗೀಲಿ.”

“ಸುರಕ್ಷತೆಗೆ ಅಂತ ಇಷ್ಟು ದುಡ್ಡು ಸುರೀತಿದೀವಿ. ನಮ್ಮ ನಿಯತ್ತಿನ ಮೇಲೇ ಅನುಮಾನಾನಾ?”

ಅವನಿಗೆ ನಿಜಕ್ಕೂ ನೋವಾಗಿತ್ತು. ಗ್ಯಾರೆಟ್ ಕಪಟಿಯಲ್ಲ, ತೊಡಕಿರುವುದೇ ಅಲ್ಲಿ.

“ನಿಯತ್ತು ನಿಮ್ಮ ಎದೆ ಒಳಗಿಂದು, ಬಗೆದು ನೋಡಕ್ಕಾಗಲ್ಲ. ಬೇಡ ಅಂದಾಗ ಬಿಡುಗಡೆ ನಿಲ್ಲುತ್ತೋ ಇಲ್ವೋ, ಅದೊಂದು ನನ್ ಕಣ್ಣಿಗೆ ಕಾಣತ್ತೆ.”

“ಕೆಲಸ ಹೋದೀತು.”

“ಹೋಗ್ಲಿ. ಯಾಕೆ ಹೋಯ್ತು ಅಂತ ಕೇಳ್ದೋರಿಗೆಲ್ಲ ಹೇಳ್ತೀನಿ.”

ಪಕ್ಕದ ಮೇಜಿನ ಹೊವಾನೆಸ್ ಕೆಮ್ಮಿದ. “ಅಕ್ಕಾ, ನನ್ ಬೆರಳೂ ಇಳಿಸ್ಬಿಟ್ಟೆ. ಓದಿದೆ ಅಂತ ಒತ್ತಿದ್ದಪ್ಪ, ಒಪ್ಪಿದೆ ಅಂತಲ್ಲ.”

ಗ್ಯಾರೆಟ್ ಪರದೆ ನೋಡಿದ. ಎದ್ದಿದ್ದ ಬೆರಳುಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಎಲ್ಲರೂ ಓದಿದ್ದರು, ಒಪ್ಪಿದವರು ಯಾರೂ ಇರಲಿಲ್ಲ.

“ಸೋಮವಾರದವರೆಗೆ ಕಂಪ್ಯೂಟರು ತಗೋ,” ಎಂದ ಅವನು.

“ಮುಗಿಯೋವರೆಗೆ.”

“ಸರಿ ಮಾರಾಯ್ತಿ. ಮುಗಿಯೋವರೆಗೆ.”

ಅವನಲ್ಲಿ ಹುಟ್ಟಿದ್ದು ನಿಯತ್ತೋ ಅಳುಕೋ ಎಂದು ಲುಸ್ ತಲೆಕೆಡಿಸಿಕೊಳ್ಳಲಿಲ್ಲ. ಸಂದೇಶದ ಕೆಳಗೆ ‘ಮುಗಿಯೋವರೆಗೆ’ ಎಂದು ಅವನ ಕೈಯಲ್ಲೇ ಬರೆಸಿದಳು. ಡಬ್ಬಿಯಲ್ಲಿ ತಣ್ಣಗಾಗಿದ್ದ ಶಾವಿಗೆಯನ್ನು ಪಕ್ಕಕ್ಕೆ ಸರಿಸಿ ಪರೀಕ್ಷೆಗೆ ಕೈ ಹಚ್ಚಿದಳು.