ಐದು ಗಂಟೆಯ ಸೀಲು

ಮಂಡ್ಯದಲ್ಲಿ ನಾನು ಓದಿದ ವಿಶ್ವವಿದ್ಯಾಲಯದ ವಿಭಾಗಕ್ಕೆ ಮುಖ್ಯಸ್ಥರು ಬಂದರು, ಹೋದರು; ಸೆಕ್ರೆಟರಿ ಮೇಡಂ ಮಾತ್ರ ಕದಲಲಿಲ್ಲ. ವೈದ್ಯನಾಥಪುರದಿಂದ ಮದ್ದೂರಿಗೆ ಬಂದು, ರೈಲು ಹಿಡಿದು, ನಮ್ಮ ಮೇಷ್ಟ್ರುಗಳಿಗಿಂತ ಮೊದಲೇ ಕುರ್ಚಿಯಲ್ಲಿರುತ್ತಿದ್ದರು. ಬಂದ ಅರ್ಜಿಗೆಲ್ಲ ತಾರೀಖಿನ ಸೀಲು ಒತ್ತುವುದು ಅವರ ಕೆಲಸ. ಸಂಜೆ ಐದಾಯಿತೆಂದರೆ ಅದರ ಪುಟ್ಟ ಗಾಲಿ ತಿರುಗಿಸಿ ಮಾರನೆಯ ದಿನದ ತಾರೀಖು ಇಟ್ಟುಬಿಡುತ್ತಿದ್ದರು.

ಪಿಎಚ್.ಡಿ. ಅರ್ಜಿ ಹಿಡಿದು ನಾನು ಹೋದದ್ದು ಕೊನೆಯ ದಿನ, ಐದು ಇಪ್ಪತ್ತಕ್ಕೆ. ಬೆಳಕವಾಡಿಯಿಂದ ಮಧ್ಯಾಹ್ನವೇ ಹೊರಟಿದ್ದೆ. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಮಗುಚಿ ಬಸ್ಸುಗಳೆಲ್ಲ ನಿಂತುಹೋಗಿದ್ದವು. ಈ ಸೀಟನ್ನು ನಂಬಿಕೊಂಡು ಮಳವಳ್ಳಿಯ ಶಾಲೆಯ ಕೆಲಸವನ್ನೂ ಬಿಟ್ಟಿದ್ದೆ.

"ಒಂದಿನ ಹಿಂದಕ್ಕೆ ತಿರುಗ್ಸಿ ಮೇಡಂ, ಯಾರಿಗ್ ಗೊತ್ತಾಯ್ತದೆ?" ಎಂದು ಅಂಗಲಾಚಿದೆ.

"ನಂಗೆ ಗೊತ್ತಾಯ್ತದಲ್ಲ. ಇವತ್ತು ನಿಂಗೆ ತಿರುಗ್ಸುದ್ರೆ, ನಾಳಿಕ್ಕೆ ಈ ಸೀಲ್ನ ಯಾರು ನಂಬ್ತಾರೆ? ಆಗಾಕಿಲ್ಲ ಕಣಮ್ಮ."

ಕಲ್ಲೆದೆಯ ಹೆಂಗಸು ಎಂದು ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ. ಕಣ್ಣೀರು ತಡೆಯಲಾಗಲಿಲ್ಲ. ಅವರು ನೀರಿನ ಲೋಟ ಮುಂದಿಟ್ಟು, "ಅಳೋದ್ ಬುಡು. ಬಸ್ ಟಿಕೀಟ್ ಮಡಿಕಂಡಿದ್ದೀಯಾ, ಬಿಸಾಕ್ಬುಟ್ಯಾ?" ಎಂದರು.

ಹೆಂಗಸರ ಸೊನ್ನೆ ರೂಪಾಯಿ ಟಿಕೆಟನ್ನು ಯಾರು ಜೋಪಾನ ಮಾಡುತ್ತಾರೆ! ಅದೃಷ್ಟಕ್ಕೆ ಬ್ಯಾಗಿನ ತಳದಲ್ಲಿ ಮುದುಡಿಕೊಂಡಿತ್ತು. ಬಸ್ಸು ಹತ್ತಿದ ಹೊತ್ತು ಅದರಲ್ಲಿ ಅಚ್ಚಾಗಿತ್ತು. ಮೇಡಂ ನಮ್ಮ ಕಡೆಯ ಪರಿಚಯದವರಿಗೆ ಫೋನ್ ಮಾಡಿ ಟ್ರ್ಯಾಕ್ಟರ್ ಮಗುಚಿದ್ದು ನಿಜವೇ ಎಂದು ವಿಚಾರಿಸಿಕೊಂಡರು. ಅರ್ಜಿಗೆ ಟಿಕೆಟನ್ನು ಪಿನ್ನು ಮಾಡಿ, ಮಾರನೆಯ ದಿನದ ಸೀಲನ್ನೇ ಒತ್ತಿದರು. ಜೊತೆಗೆ ನಾಲ್ಕು ಸಾಲಿನ ಟಿಪ್ಪಣಿ: ಅರ್ಜಿ ತಲುಪಿದ್ದು ಐದು ಇಪ್ಪತ್ತಕ್ಕೆ, ತಡವಾದದ್ದು ಇಂಥ ಕಾರಣಕ್ಕೆ, ಸಮಿತಿ ಪರಿಗಣಿಸಬಹುದು.

ಸಮಿತಿಯಲ್ಲಿ ಒಬ್ಬರು ತಕರಾರು ತೆಗೆದರಂತೆ. ಅಧ್ಯಕ್ಷರು ಟಿಪ್ಪಣಿ ಓದಿ, "ಆಯಮ್ಮ ಬರೆದವ್ರೆ ಅಂದ್ಮೇಲೆ ಅದ್ರಲ್ಲಿ ಒಂದ್ ನಿಮಿಷಾನೂ ಸುಳ್ಳಿರಲ್ಲ, ತಗಳಿ" ಎಂದು ಸಹಿ ಹಾಕಿದರಂತೆ. ಅದನ್ನು ಕೇಳಿ ನನಗೆ ಸೀಟು ಸಿಕ್ಕ ಖುಷಿಗಿಂತ ನಾಚಿಕೆಯೇ ಹೆಚ್ಚಾಯಿತು.

ನನ್ನ ಸಂಶೋಧನೆ ಮುಗಿಯುವ ಮೊದಲೇ ಅವರು ನಿವೃತ್ತರಾದರು. ಅಂದು ಹಾರ, ಭಾಷಣ, ಫೋಟೋ ಎಲ್ಲ ಮುಗಿದ ಮೇಲೆ ಗಡಿಯಾರ ನೋಡಿಕೊಂಡು ಮತ್ತೆ ಕುರ್ಚಿಯಲ್ಲಿ ಕುಳಿತರು. ಹಾರ ಕೊರಳಲ್ಲೇ ಇತ್ತು. ಸೀಲು ಕೈಗೆತ್ತಿಕೊಂಡು ತಾರೀಖು ತಿರುಗಿಸತೊಡಗಿದರು.

"ಇವತ್ತಾದ್ರೂ ಬುಡಿ ಮೇಡಂ, ನಾಳೆ ನೀವೆಲ್ಲಿ ಬತ್ತೀರಿ?" ಎಂದೆ.

"ನಾನ್ ಬರಾಕಿಲ್ಲ ಅಂದ್ರೆ ಏನಮ್ಮ, ಅರ್ಜಿ ತಕ್ಕೊಂಡು ಯಾರಾರ ಬತ್ತಾರಲ್ಲ" ಎಂದು ಸೀಲನ್ನು ಡ್ರಾಯರಿನಲ್ಲಿಟ್ಟು ಎದ್ದರು.

ಆ ಮೇಜಿನ ಮುಂದೆ ನಾನು ಎರಡನೆಯ ಸಲ ಕಣ್ಣೀರು ಹಾಕಿದೆ.