ಹೋಟ್ಲು ತೆಗದ್ರಾ, ತಂಗಿ?

ನನ್ನ ಅಣ್ಣನ ಅನ್ನಕ್ಕೆ ಮಣ್ಣು ಹಾಕಿದವಳು ನಾನು. ಬೇರೆ ಯಾರೂ ಅಲ್ಲ — ಅವನ ತಟ್ಟೆಯಿಂದಲೇ ತುತ್ತು ಕಿತ್ತು ತಿಂದು ಬೆಳೆದ ತಂಗಿ.

ಗಣಪಣ್ಣ ಮೂವತ್ತು ದಾಟಿದ್ದರೂ ಬುದ್ಧಿಯಲ್ಲಿ ಇನ್ನೂ ಮಗುವೇ. ನಮ್ಮೂರು ಇಸಳೂರಿನ ಜನ ಅವನನ್ನು ‘ಪಾಪದವ’ ಎಂದು ಸುಮ್ಮನಾಗುತ್ತಿದ್ದರು. ಸುಮ್ಮನಾಗದವರು ಒಬ್ಬರೇ — ಶಿರಸಿಯ ವಿಶೇಷ ಶಾಲೆಯ ಶಾಲಿನಿ ಟೀಚರ್. ತೊಂಬತ್ತರ ದಶಕದ ಕೊನೆಯಲ್ಲಿ ಅವರು ಶಿರಸಿ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲೊಂದರಲ್ಲಿ ಅವನಿಗೆ ಟೇಬಲ್ ಒರೆಸುವ, ಲೋಟಕ್ಕೆ ನೀರು ತುಂಬುವ ಕೆಲಸ ಕೊಡಿಸಿದರು. ಕೊಡಿಸಿ ಕೈತೊಳೆದುಕೊಳ್ಳಲಿಲ್ಲ. ಮೊದಲು ಅವನ ಕೈ ಹಿಡಿದು ಒರೆಸಿದರು. ಆಮೇಲೆ ಪಕ್ಕದಲ್ಲಿ ನಿಂತರು, ಆಮೇಲೆ ಬಾಗಿಲಲ್ಲಿ, ಆಮೇಲೆ ರಸ್ತೆಯಾಚೆ. ಒಂದು ದಿನ ಬರಲೇ ಇಲ್ಲ. ಅಣ್ಣ ಒಬ್ಬನೇ ದಿನವಿಡೀ ದುಡಿದು ಬಂದ. ಅವತ್ತು ಅವನ ಗತ್ತು ನೋಡಬೇಕಿತ್ತು! ಹೋಟೆಲಿನವರು ಕೊಟ್ಟ ನೀಲಿ ಅಂಗಿ ತೊಟ್ಟು, “ಡ್ಯೂಟಿ ಮುಗೀತು, ಚಾ ಕೊಡು” ಎಂದು ಅಮ್ಮನಿಗೇ ಹುಕುಂ.

ಆ ಹೊತ್ತಿಗೇ ನನ್ನನ್ನು ನೋಡಲು ಯಲ್ಲಾಪುರದ ಕಡೆಯವರು ಬರುವುದೆಂದಾಯಿತು. ಹಿಂದೊಂದು ಸಂಬಂಧ ಅಣ್ಣನ ಸುದ್ದಿ ತಿಳಿದೇ ತಪ್ಪಿಹೋಗಿತ್ತು. ಇವರು ಬಸ್ಸಿಳಿದು ಚಾ ಕುಡಿಯುವುದು ಅದೇ ಹೋಟೆಲಿನಲ್ಲಿ ಎಂದು ಕಿವಿಗೆ ಬಿತ್ತು. ಅಣ್ಣನೋ — ಬಂದ ಗಿರಾಕಿಗಳಿಗೆಲ್ಲ ತಂಗಿಯ ಹೆಸರು, ಮನೆ, ಊರು ಹೇಳುವವನು.

ನಾನು ಟೀಚರ್ ಹತ್ತಿರ ಹೋದೆ. “ಅಣ್ಣ ಒಲ್ಲೆ ಅಂತಾನೆ. ಇನ್ನು ಕೆಲಸಕ್ಕೆ ಬರೂದಿಲ್ಲ” ಎಂದೆ.

“ಗಣಪತಿನೇ ಹೇಳಿದ್ನಾ?”

“ಹೌದು. ಅವನೇ.”

ಟೀಚರ್ ಮುಖ ಬಾಡಿತು. ಆದರೂ ಅವರೆಂದದ್ದು — “ಅವನು ಬೇಡ ಅಂದ್ರೆ ಬೇಡ. ಅವನ ಮಾತು ಮೀರಬಾರದು.” ಜನ್ಮದಲ್ಲಿ ಅವನ ಮಾತಿಗೆ ಬೆಲೆ ಕೊಟ್ಟವರು ಅವರೊಬ್ಬರು. ಅವನು ಆಡದ ಮಾತನ್ನು ಅವನ ಬಾಯಿಗೆ ತುರುಕಿ ನಾನು ಅವರಿಗೂ ಮೋಸ ಮಾಡಿದೆ. ಈ ಬಾಯಿ ಅವತ್ತೇ ಬಿದ್ದುಹೋಗಬಾರದಿತ್ತೇ!

ಮನೆಗೆ ಬಂದು ಅಣ್ಣನಿಗೆ ಇನ್ನೊಂದು ಸುಳ್ಳು. “ಹೋಟ್ಲು ಬಾಗ್ಲು ಹಾಕಿದ್ರು, ಅಣ್ಣ.”

“ನಾಳೆ ತೆಗೀತಾರಾ?”

“ತೆಗದಾಗ ಹೇಳ್ತೆ.”

ಅವನು ನಂಬಿದ. ನಾನು ಹೇಳಿದ್ದೆನಲ್ಲ — ಅದಕ್ಕೇ ನಂಬಿದ. ಬೆಳಿಗ್ಗೆ ಎದ್ದು ನೀಲಿ ಅಂಗಿ ತೊಟ್ಟು ಮೆಟ್ಟಿಲ ಮೇಲೆ ಕೂರುತ್ತಿದ್ದ. ಬಸ್ಸು ಬಂದು ಹೋಗುತ್ತಿತ್ತು. ಅಮ್ಮನಿಗೆ ಎಲ್ಲ ಗೊತ್ತಿತ್ತು, ತುಟಿ ಬಿಚ್ಚಲಿಲ್ಲ.

ಹೆಣ್ಣು ನೋಡುವ ದಿನವೂ ಮದುವೆಯ ದಿನವೂ ಅವನನ್ನು ನೆಂಟರ ಮನೆಗೆ ಸಾಗಿಸಿದ್ದಾಯಿತು. ಮದುವೆಯಾಯಿತು. ಗುಟ್ಟು ಎಷ್ಟು ದಿನ ನಿಂತೀತು? ತಿಳಿದಾಗ ಅತ್ತೆ ಅಂದದ್ದಿಷ್ಟೇ — “ಇದನ್ನೆಂತಕ್ಕೆ ಮುಚ್ಚಿಟ್ಟೆ ಮಾರಾಯ್ತಿ? ನಾವೇನು ಅವನನ್ನ ತಿಂದುಬಿಡ್ತಿದ್ವಾ?” ತವರಿಗೆ ಬಂದವಳೇ ಹೋಟೆಲಿಗೆ ಓಡಿದೆ. ಅಲ್ಲಿ ಬೇರೊಬ್ಬನಿದ್ದ. ಟೀಚರ್ ಶಾಲೆ ಬಿಟ್ಟು ಘಟ್ಟದ ಕೆಳಗೆ ಹೋಗಿದ್ದರು. ಮತ್ತೊಮ್ಮೆ ಅಣ್ಣನ ಪಕ್ಕದಲ್ಲಿ ನಿಂತು ಕಲಿಸುವವರು ಶಾಲೆಯಲ್ಲಿ ಯಾರೂ ಉಳಿದಿರಲಿಲ್ಲ. ನಾನೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ.

ಆಮೇಲೆ ನಾನು ಬಂದಾಗಲೆಲ್ಲ ಅವನದು ಒಂದೇ ಪ್ರಶ್ನೆ: “ಹೋಟ್ಲು ತೆಗದ್ರಾ, ತಂಗಿ?” ನನ್ನ ಮಕ್ಕಳು ಶಾಲೆಗೆ ಹೋಗುವಷ್ಟು ದೊಡ್ಡವರಾದರು. ಅವನ ಕೂದಲು ನರೆಯಿತು. ಪ್ರಶ್ನೆ ಅದೇ.

ಈ ಸಲ ತಡೆಯಲಾಗಲಿಲ್ಲ. ಅವನ ಕಾಲ ಬಳಿ ಕೂತು ಅಂದೆ — “ಅಣ್ಣ, ಹೋಟ್ಲು ಮುಚ್ಚಿರ್ಲೇ ಇಲ್ಲ. ನಾನೇ ಸುಳ್ಳು ಹೇಳಿದ್ದು.” ಬೈಯಲಿ, ಹೊಡೆಯಲಿ ಎಂದು ಕಾದೆ. ಅವನ ಮುಖ ಅರಳಿತು.

“ಮುಚ್ಲಿಲ್ವಾ? ಹಂಗಾರೆ ನಾಳೆ ಹೋಗ್ವ.”

ಆ ಹೋಟೆಲು ಮಾರಾಟವಾಗಿ ಅಲ್ಲೀಗ ಮೊಬೈಲ್ ಅಂಗಡಿ ಬಂದಿದೆ. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಬೆಳಿಗ್ಗೆ ಅವನು ತಲೆಗೆ ಎಣ್ಣೆ ಹಚ್ಚಿ, ಗುಂಡಿ ಕೂಡದ ನೀಲಿ ಅಂಗಿ ತೊಟ್ಟು ನನಗಿಂತ ಮೊದಲೇ ಬಸ್ಸು ಹತ್ತಿದ. ನಾನೂ ಹತ್ತಿ ಪಕ್ಕದಲ್ಲಿ ಕೂತೆ. ಇಳಿದ ಮೇಲೆ ಅವನನ್ನು ಎಲ್ಲಿಗೆ ಕರೆದುಕೊಂಡು ಹೋಗುವುದೆಂದು ನನಗೆ ತಿಳಿದಿರಲಿಲ್ಲ.